ಕುದುರೆ ಹತ್ತಿ ಅಭ್ಯಾಸವಿಲ್ಲ, ದನ ಹೊಡೆಯುವ ರಾಂಚ್‌ಗೆ ರಜೆಗೆ ಹೋಗಬಹುದಾ?

ಹೊಸಹಾದಿ:

ನಮಸ್ಕಾರ. ನಾನು, ನನ್ನ ಗಂಡ, 12 ವರ್ಷದ ಮಗಳು, ಮೂವರೂ ಈ ಸಲ ಅಮೆರಿಕದ ವಯೋಮಿಂಗ್‌ನ ಯಾವುದಾದರೂ ರಾಂಚ್‌ನಲ್ಲಿ (ದನ, ಕುದುರೆ ಸಾಕುವ ದೊಡ್ಡ ಜಮೀನು) ಒಂದು ವಾರ ಇರೋಣ ಅಂದುಕೊಂಡಿದ್ದೇವೆ. ಮಗಳು ಒಂದು ವರ್ಷದಿಂದ ಸವಾರಿ ಕಲಿಯುತ್ತಿದ್ದಾಳೆ. ನಾವಿಬ್ಬರು ಕುದುರೆಯ ಮೈ ಕೂಡ ಮುಟ್ಟಿದವರಲ್ಲ.

ಹುಡುಕಿ ಹುಡುಕಿ ಗೊಂದಲವಾಗಿದೆ. ಕೆಲವು ಕಡೆ ಈಜುಕೊಳ, ಮಸಾಜು ಎಲ್ಲಾ ಇದೆ, ದಿನಕ್ಕೆ ಎರಡು ಸವಾರಿ. ಇನ್ನು ಕೆಲವು ನಿಜವಾಗಿ ದನ ಸಾಕಿ ಬದುಕುವ ರಾಂಚ್‌ಗಳು. ಅಲ್ಲಿ ಅತಿಥಿಗಳೂ ಮಂದೆಯ ಜೊತೆ ಹೋಗಬಹುದಂತೆ. ಮಗಳಿಗೆ ಅದೇ ಬೇಕು. "ದುಡ್ಡು ಕೊಟ್ಟು ಕೂಲಿ ಮಾಡಲು ಹೋಗೋದಾ?" ಅಂತ ನನ್ನ ಗಂಡ ಕೇಳುತ್ತಿದ್ದಾರೆ. ಅವರ ತೂಕ 104 ಕೆಜಿ, ಅದೂ ಒಂದು ಚಿಂತೆ. ಜೂನ್ ಒಳ್ಳೆಯದಾ, ಸೆಪ್ಟೆಂಬರ್ ಒಳ್ಳೆಯದಾ? ನಾವು ಸಸ್ಯಾಹಾರಿಗಳು. ಹೋಗಿ ಬಂದವರು ದಯವಿಟ್ಟು ಹೇಳಿ.

ಹುಲ್ಲುಗಾವಲು:

ತೂಕದ ವಿಷಯ ಮೊದಲೇ ಫೋನ್ ಮಾಡಿ ಕೇಳಿ. ಹಲವು ಕಡೆ 225ರಿಂದ 250 ಪೌಂಡ್ ಮಿತಿ ಇರುತ್ತದೆ. 104 ಕೆಜಿ ಅಂದರೆ ಸುಮಾರು 229 ಪೌಂಡ್, ಗಡಿಯಲ್ಲೇ ಇದ್ದಾರೆ. ಮುಜುಗರ ಬೇಡ, ನಿಜವಾದ ತೂಕ ಹೇಳಿ. ಕುದುರೆ ತನ್ನ ತೂಕದ ಐದರಲ್ಲಿ ಒಂದು ಭಾಗದಷ್ಟು ಹೊರಬಹುದು ಅನ್ನುವುದು ಸಾಮಾನ್ಯ ಲೆಕ್ಕ. 550 ಕೆಜಿಯ ಕುದುರೆ 110 ಕೆಜಿ ಹೊರುತ್ತದೆ. ಆದರೆ ಅಲ್ಲಿ ಬಳಸುವ ವೆಸ್ಟರ್ನ್ ಜೀನೇ (ಕೌಬಾಯ್‌ಗಳ ದೊಡ್ಡ ಜೀನು) 15 ಕೆಜಿ ತೂಗುತ್ತದೆ, ಅದೂ ಆ ಲೆಕ್ಕದಲ್ಲೇ ಸೇರಬೇಕು. ದೊಡ್ಡ ಮೈಕಟ್ಟಿನ ಕುದುರೆ ಇರುವ ರಾಂಚ್ ನೋಡಿಕೊಳ್ಳಿ.

ಹೊರಡುವ ಮುಂಚೆ ನೀವಿಬ್ಬರೂ ಐದಾರು ಪಾಠವಾದರೂ ತೆಗೆದುಕೊಳ್ಳಿ. ಟ್ರಾಟ್‌ನಲ್ಲಿ, ಅಂದರೆ ಕುದುರೆ ಕುಲುಕುತ್ತಾ ಓಡುವಾಗ, ಕೂರಲು ಬಂದರೆ ಸಾಕು.

ಬಯಲಗಾಳಿ:

ನಾನು ಎರಡು ಸಲ ಹೋಗಿದ್ದೇನೆ. ಎರಡೂ ಸಲ ಬಿಗ್‌ಹಾರ್ನ್ ಬೆಟ್ಟದ ತಪ್ಪಲಿನ ಒಂದೇ ರಾಂಚ್, ಒಂದು ಜೂನ್‌ನಲ್ಲಿ, ಇನ್ನೊಂದು ಸೆಪ್ಟೆಂಬರ್‌ನಲ್ಲಿ. ಪಕ್ಕದ ಮೊಂಟಾನಾದ ಬಿಲ್ಲಿಂಗ್ಸ್‌ಗೆ ವಿಮಾನ, ಅಲ್ಲಿಂದ ವಯೋಮಿಂಗ್‌ನ ಶೆರಿಡನ್ ಊರಿನ ಕಡೆಗೆ ಎರಡು ಗಂಟೆ ಕಾರು. ಮೊದಲ ಸಲ ಹೋದಾಗ ನನಗೂ ಸವಾರಿ ಬರುತ್ತಿರಲಿಲ್ಲ. ಅದಕ್ಕೇ ಉದ್ದವಾಗಿ ಬರೆಯುತ್ತಿದ್ದೇನೆ.

ನಿಮ್ಮ ಯಜಮಾನರ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಇದು ಹೊಸ ಪದ್ಧತಿ ಏನಲ್ಲ. ಡಕೋಟಾದಲ್ಲಿ ರಾಂಚ್ ಮಾಡುತ್ತಿದ್ದ ಈಟನ್ ಸಹೋದರರ ಮನೆಗೆ ಪೂರ್ವದ ಊರುಗಳಿಂದ ಸ್ನೇಹಿತರು ಬಂದು ವಾರಗಟ್ಟಲೆ ಉಳಿಯುತ್ತಿದ್ದರು. ಅವರು ಊಟ, ವಸತಿಗೆ ದುಡ್ಡು ಕೊಡಲು ಶುರು ಮಾಡಿದ್ದು 1882ರಲ್ಲಿ. 1904ರಲ್ಲಿ ಈಟನ್‌ಗಳು ಶೆರಿಡನ್ ಹತ್ತಿರದ ವುಲ್ಫ್‌ಗೆ ಬಂದರು. 1926ರಲ್ಲಿ ಇಂಥ ರಾಂಚ್‌ಗಳದ್ದೇ ಒಂದು ಸಂಘ ಕೂಡ ಆಯಿತು. ಇಷ್ಟು ವರ್ಷ ಜನ ದುಡ್ಡು ಕೊಟ್ಟು ಹೋಗುತ್ತಿರುವುದು ಸುಮ್ನೆ ಅಲ್ಲ. ಆ ಕೆಲಸದಲ್ಲಿ ಒಂದು ಸುಖ ಇದೆ. ದನ ನಿಮ್ಮ ಮಾತು ಕೇಳುವ ಒಂದು ಕ್ಷಣ ಬರುತ್ತದಲ್ಲ, ಅದು ದಾರಿ ಹಿಡಿದು ಸಾಲಾಗಿ ಹೋಗುವ ಸವಾರಿಯಲ್ಲಿ ಸಿಗಲ್ಲ.

ದನ ಹೊಡೆಯುವುದು ಅಂದರೆ ಜೋರಾಗಿ ಓಡಿಸುವುದು ಅಂತ ನಾನೂ ಅಂದುಕೊಂಡಿದ್ದೆ. ತಪ್ಪು. ಅದು ನಿಧಾನದ ಕೆಲಸ. ಆ ರಾಂಚ್‌ನವರು ಜೂನ್‌ನಲ್ಲಿ ಕೆಳಗಿನ ಹುಲ್ಲುಗಾವಲಿನಿಂದ ದನಕರುಗಳನ್ನು ಬೆಟ್ಟದ ಮೇಲಿನ ನ್ಯಾಷನಲ್ ಫಾರೆಸ್ಟ್ (ಸರ್ಕಾರಿ ಕಾಡು) ಜಾಗಕ್ಕೆ ಮೇಯಲು ಕಳಿಸುತ್ತಾರೆ. ಅದಕ್ಕೆ ಅರಣ್ಯ ಇಲಾಖೆಯ ಪರವಾನಗಿ ಬೇಕು. ನಾವು ಎಂಟು ಜನ ಸವಾರರು, ಸುಮಾರು 150 ಆಂಗಸ್ ತಳಿಯ ಹಸು, ಅವುಗಳ ಕರು. ಬೆಳಗ್ಗೆ ಐದಕ್ಕೆ ಜೀನು ಕಟ್ಟಿದ್ದು, ಮೇಲೆ ತಲುಪಿದಾಗ ಮಧ್ಯಾಹ್ನ ಎರಡು. ಇಡೀ ದಿನ ಮನುಷ್ಯ ನಡೆಯುವ ವೇಗ.

ನನ್ನನ್ನು ಹಿಂದೆ ಹಾಕಿದರು. ಅದಕ್ಕೆ ಡ್ರ್ಯಾಗ್ ಅನ್ನುತ್ತಾರೆ. ಧೂಳೆಲ್ಲಾ ಹಿಂದಿನವರಿಗೇ. ಹೊಸಬರಿಗೆ ಅದೇ ಒಳ್ಳೆಯ ಜಾಗ, ಯಾಕೆಂದರೆ ಇಡೀ ಮಂದೆ ಕಣ್ಣ ಮುಂದೆ ಇರುತ್ತದೆ. ಮೂಗಿಗೆ ಕಟ್ಟಿಕೊಳ್ಳಲು ಒಂದು ದೊಡ್ಡ ಕರವಸ್ತ್ರ ಬೇಕೇ ಬೇಕು.

ಹತ್ತು ಗಂಟೆ ಹೊತ್ತಿಗೆ ಒಂದು ಕರು ತಿರುಗಿ ನಿಂತಿತು. ಎರಡು ತಿಂಗಳ ಕರು ಇರಬೇಕು, ಕಿವಿಯಲ್ಲಿ ಹಳದಿ ಚೀಟಿ. ನನ್ನ ಕುದುರೆಯ ಪಕ್ಕದಲ್ಲೇ ನುಗ್ಗಿ ಬಂದ ದಾರಿಯಲ್ಲೇ ವಾಪಸ್ ಓಡಿತು. ನಾನು ಅದರ ಬೆನ್ನಿಗೇ ಕುದುರೆ ಓಡಿಸಿದೆ. ನಾನು ಅಟ್ಟಿದಷ್ಟೂ ಅದು ಓಡಿತು. ಅದರ ತಾಯಿ ಅಂಬಾ ಅಂತ ಕೂಗುತ್ತಾ ತಿರುಗಿತು, ತಾಯಿಯ ಹಿಂದೆ ಇನ್ನೂ ಆರೇಳು ಹಸು. ಅಷ್ಟು ಹೊತ್ತು ಪಟ್ಟ ಶ್ರಮ ಎರಡು ನಿಮಿಷದಲ್ಲಿ ನೀರಾಯಿತು. ಎಲ್ಲರೂ ಅರ್ಧ ಗಂಟೆ ನಿಲ್ಲಬೇಕಾಯಿತು. ನನಗೆ ತುಂಬಾ ಬೇಜಾರಾಯಿತು.

ನಮ್ಮ ಜೊತೆಗಿದ್ದ ರಾಂಗ್ಲರ್ (ಕುದುರೆ ನೋಡಿಕೊಂಡು, ಅತಿಥಿಗಳನ್ನು ಸವಾರಿಗೆ ಕರೆದೊಯ್ಯುವ ಕೆಲಸದವರು) ಹುಡುಗಿ ಬೈಯಲಿಲ್ಲ. ಕುದುರೆ ನಿಲ್ಲಿಸಿ ವಿವರಿಸಿದಳು. ಕರು ಎಲ್ಲಿ ಕೊನೆಯ ಸಲ ತಾಯಿಯ ಹಾಲು ಕುಡಿದಿತ್ತೋ ಅಲ್ಲಿಗೇ ಹೋಗುತ್ತದೆ. ಗದ್ದಲದಲ್ಲಿ ತಾಯಿ ಕಾಣದಿದ್ದರೆ ಅದಕ್ಕೆ ಗೊತ್ತಿರುವುದು ಆ ಒಂದೇ ಜಾಗ. ಅದರ ಹಿಂದೆ ಓಡಬಾರದು. ದೂರದಿಂದ ಸುತ್ತು ಹಾಕಬೇಕು, ಅದರ ಕಡೆ ನೋಡಲೂ ಬಾರದು. ಅದನ್ನು ದಾಟಿ ಮುಂದೆ ಹೋಗಿ, ಆಮೇಲೆ ನಿಧಾನವಾಗಿ ಅದರ ಕಡೆ ತಿರುಗಬೇಕು. ಆಗ ಅದೇ ತಾನಾಗಿ ಮಂದೆಯ ಕಡೆ ಹೋಗುತ್ತದೆ.

ಅವಳು ಹೇಳಿದ ಇನ್ನೊಂದು ಮಾತು ನಿಮ್ಮ ಮಗಳಿಗೆ ಈಗಲೇ ಹೇಳಿಕೊಡಿ. ದನದ ಹೆಗಲಿನಲ್ಲಿ ಒಂದು ಗೆರೆ ಇದೆ ಅಂದುಕೊಳ್ಳಿ. ಗೆರೆಯ ಹಿಂದಿನಿಂದ ಹತ್ತಿರ ಹೋದರೆ ದನ ಮುಂದಕ್ಕೆ ಹೆಜ್ಜೆ ಇಡುತ್ತದೆ. ಗೆರೆ ದಾಟಿ ಮುಂದೆ ಹೋದರೆ ನಿಲ್ಲುತ್ತದೆ ಅಥವಾ ತಿರುಗುತ್ತದೆ. ನೇರ ಬೆನ್ನ ಹಿಂದೆ ಅದಕ್ಕೆ ಏನೂ ಕಾಣಲ್ಲ, ಅಲ್ಲಿ ನಿಂತರೆ ಗಾಬರಿಯಾಗಿ ತಿರುಗಿ ನೋಡುತ್ತದೆ. ಅದಕ್ಕೇ ಸ್ವಲ್ಪ ಪಕ್ಕಕ್ಕೆ ಇರಬೇಕು. ಅದು ಹೆಜ್ಜೆ ಇಟ್ಟ ಕೂಡಲೇ ನಾವು ಒತ್ತುವುದು ಬಿಡಬೇಕು. ಪ್ರಾಣಿಗಳ ವರ್ತನೆ ಅಧ್ಯಯನ ಮಾಡಿದ ವಿಜ್ಞಾನಿ ಟೆಂಪಲ್ ಗ್ರಾಂಡಿನ್ ದನಗಳ ಬಗ್ಗೆ ಬರೆದಿರುವುದನ್ನು ಆಮೇಲೆ ಓದಿದೆ, ಅಲ್ಲೂ ಇದೇ ಲೆಕ್ಕ. ಮಧ್ಯಾಹ್ನದೊಳಗೆ ನಾನೇ ಒಂದು ಹಸುವನ್ನು, ಅದರ ಕರುವನ್ನು ಪೊದೆಯಿಂದ ಆಚೆ ತಂದೆ. ಕುದುರೆ ನಾಲ್ಕು ಹೆಜ್ಜೆ ಪಕ್ಕಕ್ಕೆ ಹೋಗಿ ನಿಂತಿತು, ಅಷ್ಟೇ. ಹಸು ತಲೆ ಎತ್ತಿ ನನ್ನನ್ನು ನೋಡಿತು, ಆಮೇಲೆ ಕರು ಕರೆದುಕೊಂಡು ನಡೆಯಿತು. ಅವತ್ತಿನ ಖುಷಿ ಇನ್ನೂ ಮನಸ್ಸಲ್ಲಿದೆ.

ಮೇಲೆ ತಲುಪಿದ ತಕ್ಷಣ ನಮ್ಮ ಕೆಲಸ ಮುಗಿಯಲಿಲ್ಲ. ಮಂದೆಯ ಸುತ್ತಲೂ ಒಂದು ಗಂಟೆ ಸುಮ್ಮನೆ ಕುದುರೆ ಮೇಲೆ ಕೂತಿದ್ದೆವು. ನೂರೈವತ್ತು ತಾಯಂದಿರು ಒಟ್ಟಿಗೆ ಕೂಗುತ್ತವೆ, ಕರುಗಳು ಉತ್ತರ ಕೊಡುತ್ತವೆ. ಪಕ್ಕದವರ ಮಾತು ಕೇಳಿಸಲ್ಲ. ಹಸು ಒಂದೊಂದು ಕರುವನ್ನೂ ಮೂಸುತ್ತದೆ, ತನ್ನದಲ್ಲದಿದ್ದರೆ ತಲೆಯಿಂದ ದೂಡುತ್ತದೆ. ತನ್ನದು ಸಿಕ್ಕಿತೋ, ಸದ್ದು ನಿಲ್ಲುತ್ತದೆ. ಹೀಗೆ ಒಂದೊಂದೇ ಜೋಡಿ ಸೇರಿ, ಕೊನೆಗೆ ಇಡೀ ಬಯಲು ಸುಮ್ಮನಾಯಿತು. ಎಲ್ಲಾ ಕರುಗಳೂ ಹಾಲು ಕುಡಿದ ಮೇಲೇ ನಾವು ಹೊರಟಿದ್ದು. ಇಲ್ಲದಿದ್ದರೆ ರಾತ್ರಿ ಹಸಿದ ಕರುಗಳು ಕೆಳಗೆ ವಾಪಸ್ ಹೋಗುತ್ತವೆ.

ಜೂನ್, ಸೆಪ್ಟೆಂಬರ್ ಬಗ್ಗೆ: ನಿಮಗೆ ಜೂನ್ ಅನ್ನುತ್ತೇನೆ. ಸೆಪ್ಟೆಂಬರ್‌ನಲ್ಲಿ ಕಾಡಿನಲ್ಲಿ ಚದುರಿದ ದನ ಹುಡುಕಿ ಕೆಳಗೆ ತರಬೇಕು. ಕಡಿದಾದ ಇಳಿಜಾರು, ಬಿದ್ದ ಮರ, ದಿನಕ್ಕೆ ಏಳೆಂಟು ಗಂಟೆ ಜೀನಿನ ಮೇಲೆ. ನಾನು ಹೋದ ವರ್ಷ ಒಂದು ದಿನ ಹಿಮವೂ ಬಿತ್ತು. ಹೊಸಬರಿಗೆ ಕಷ್ಟ.

ಊಟದ ಚಿಂತೆ ಬೇಡ, ಬುಕ್ ಮಾಡುವಾಗಲೇ ಹೇಳಿದರೆ ಮಾಡಿಕೊಡುತ್ತಾರೆ. ಆದರೆ ಒಂದು ಮಾತು. ಜೂನ್‌ನಲ್ಲಿ ಬ್ರ್ಯಾಂಡಿಂಗ್ ಇನ್ನೂ ನಡೆಯುತ್ತಿರಬಹುದು. ಕರುವನ್ನು ಕೆಡವಿ, ಲಸಿಕೆ ಹಾಕಿ, ಗಂಡಾದರೆ ಬೀಜ ತೆಗೆದು, ಕಾದ ಕಬ್ಬಿಣದಿಂದ ಗುರುತು ಹಾಕುತ್ತಾರೆ. ಕೂದಲು ಸುಟ್ಟ ವಾಸನೆ ಬರುತ್ತದೆ. ನನಗೆ ನೋಡಲು ಆಗಲಿಲ್ಲ. ಬೇಲಿಯಿಂದ ಆಚೆ ಹೋಗಿ ಕುದುರೆಗಳಿಗೆ ನೀರು ಕೊಟ್ಟೆ, ಯಾರೂ ತಪ್ಪು ತಿಳಿಯಲಿಲ್ಲ. ಮಗಳಿಗೆ ಮೊದಲೇ ಹೇಳಿ, ಅವಳೇ ನಿರ್ಧರಿಸಲಿ.

ಹೊಸಹಾದಿ:

ಇಷ್ಟು ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಕರುವಿನ ಭಾಗ ಮಗಳಿಗೆ ಓದಿ ಹೇಳಿದೆ, ಎರಡು ಸಲ ಕೇಳಿದಳು. ರಾಂಚ್‌ಗೆ ಫೋನ್ ಮಾಡಿದಾಗ ಏನೇನು ಕೇಳಬೇಕು? ಬೀಳುವ ಭಯ ನನಗೆ ಇನ್ನೂ ಇದೆ.

ಕಣಿವೆದಾರಿ:

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಮೊದಲ ಸಲವೇ ದನದ ಕೆಲಸ ಇರುವ ಕಡೆ ಹೋದರೆ ಇಬ್ಬರು ದೊಡ್ಡವರಿಗೆ ಮೈಕೈ ನೋವಲ್ಲೇ ವಾರ ಮುಗಿಯಬಹುದು. ನಾವು ಕೊಲೊರಾಡೊದಲ್ಲಿ ಸಾಮಾನ್ಯ ಅತಿಥಿ ರಾಂಚ್‌ಗೆ ಹೋಗಿದ್ದೆವು. ಸವಾರರನ್ನು ನಡಿಗೆ, ಟ್ರಾಟ್, ಲೋಪ್ (ಟ್ರಾಟ್‌ಗಿಂತ ಜೋರಾದ ಓಟ) ಅಂತ ಗುಂಪು ಮಾಡುತ್ತಿದ್ದರು. ವಾರದಲ್ಲಿ ಒಂದು ಬೆಳಗ್ಗೆ ಮಾತ್ರ ಆವರಣದೊಳಗೆ ದನ ಬೇರ್ಪಡಿಸುವ ಆಟ ಇತ್ತು. ನನ್ನ ಮಗನಿಗೆ ಅಷ್ಟೇ ಸಾಕಾಯಿತು. ನೀವು ಬಯಸಿದ್ದು ನಿಜವಾದ ಮಂದೆಯಾದರೆ ಬಯಲಗಾಳಿ ಹೇಳಿದ್ದೇ ಸರಿ. ಆದರೆ ನಡುವೆ ಒಂದು ದಿನ ಸವಾರಿ ಇಲ್ಲದೆ ವಿಶ್ರಾಂತಿ ಇಟ್ಟುಕೊಳ್ಳಿ.

ಖರ್ಚಿನಲ್ಲಿ ಟಿಪ್ ಮರೆಯಬೇಡಿ. ವಾರದ ಬಿಲ್ಲಿನ ಮೇಲೆ ಶೇ. 15ರಿಂದ 20 ಕೊಡುವ ರೂಢಿ. ಮೂರು ಜನರಿಗೆ ಅದೇ ದೊಡ್ಡ ಮೊತ್ತ ಆಗುತ್ತದೆ.

ಬಯಲಗಾಳಿ:

ವಿಶ್ರಾಂತಿಯ ದಿನದ ಮಾತು ಸರಿ, ಒಪ್ಪುತ್ತೇನೆ.

ಫೋನಿನಲ್ಲಿ ಕೇಳಬೇಕಾದದ್ದು ಮುಖ್ಯವಾಗಿ ಎರಡು. ಒಬ್ಬ ರಾಂಗ್ಲರ್ ಜೊತೆ ಎಷ್ಟು ಅತಿಥಿಗಳು ಹೋಗುತ್ತಾರೆ? ನಾವು ಹೋಗುವ ವಾರದಲ್ಲಿ ನಿಜವಾಗಿ ಯಾವ ದನದ ಕೆಲಸ ಇದೆ? "ಏನಾದರೂ ಇರುತ್ತದೆ" ಅಂದರೆ ಬಿಡಿ, ಬೇರೆ ಕಡೆ ನೋಡಿ. "ಆ ವಾರ ಮೇಲಕ್ಕೆ ಹೊಡೆಯುತ್ತೇವೆ, ಉಳಿದ ದಿನ ಬೇಲಿ ನೋಡುವುದು, ದನಕ್ಕೆ ನೆಕ್ಕಲು ಉಪ್ಪು ಇಡುವುದು" ಅಂತ ಹೇಳಿದರೆ ಅದು ಕೆಲಸದ ರಾಂಚ್. ಮಗಳ ವಯಸ್ಸೂ ಹೇಳಿ, ಮಂದೆಯ ಜೊತೆ ಹೋಗಲು ಕೆಲವು ಕಡೆ ವಯಸ್ಸಿನ ಮಿತಿ ಇದೆ.

ಬೀಳುವ ಭಯ ತಪ್ಪಲ್ಲ. ಹೆಲ್ಮೆಟ್ ನಿಮ್ಮದೇ ತೆಗೆದುಕೊಂಡು ಹೋಗಿ. ಅಲ್ಲಿ ದೊಡ್ಡವರು ಹೆಚ್ಚಾಗಿ ಟೋಪಿಯಲ್ಲೇ ಇರುತ್ತಾರೆ, ನೀವು ಸಂಕೋಚ ಪಡಬೇಡಿ. ಹತ್ತಿದ ಹತ್ತು ನಿಮಿಷಕ್ಕೆ ಜೀನಿನ ಹೊಟ್ಟೆಪಟ್ಟಿ ಇನ್ನೊಮ್ಮೆ ಬಿಗಿಯಲು ಕೇಳಿ. ಕಟ್ಟುವಾಗ ಕೆಲವು ಕುದುರೆ ಹೊಟ್ಟೆ ಉಬ್ಬಿಸುತ್ತವೆ, ನಡೆದ ಮೇಲೆ ಸಡಿಲವಾಗುತ್ತದೆ. ಮಳೆ ಬಂದರೆ ಕೆಳಗಿಳಿದೇ ಮಳೆಕೋಟು ಹಾಕಿಕೊಳ್ಳಿ. ನಮ್ಮ ಗುಂಪಿನ ಒಬ್ಬರು ಮೇಲೆ ಕೂತೇ ಕೋಟು ಕೊಡವಿದರು, ಆ ಪಟಪಟ ಸದ್ದಿಗೆ ಕುದುರೆ ಪಕ್ಕಕ್ಕೆ ಹಾರಿತು. ಪುಣ್ಯಕ್ಕೆ ಹುಲ್ಲಿನ ಮೇಲೆ ಬಿದ್ದರು.

ಹೊಸಹಾದಿ:

ಜೂನ್ ಕೊನೆಯ ವಾರ ಸಿಕ್ಕಿತು! ಒಬ್ಬ ರಾಂಗ್ಲರ್‌ಗೆ ಆರು ಜನ, ದನ ಮೇಲಕ್ಕೆ ಹೊಡೆಯುವುದು ಎರಡು ದಿನ ಅಂದರು. ಗಂಡನಿಗೂ ಕುದುರೆ ಇದೆಯಂತೆ. ಶನಿವಾರದಿಂದ ನಾವಿಬ್ಬರೂ ಪಾಠಕ್ಕೆ ಹೋಗುತ್ತಿದ್ದೇವೆ. ಬೂಟು ಎಂಥದ್ದು ತೆಗೆದುಕೊಳ್ಳಲಿ? ಟ್ರೆಕ್ಕಿಂಗ್ ಶೂ ಆಗುತ್ತದಾ?

ಬಯಲಗಾಳಿ:

ಓದಿ ತುಂಬಾ ಖುಷಿಯಾಯಿತು. ಟ್ರೆಕ್ಕಿಂಗ್ ಶೂ ಬೇಡ. ಅದರ ಅಡಿ ದಪ್ಪ, ಹಲ್ಲು ಜಾಸ್ತಿ, ರಿಕಾಪಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಬಿದ್ದರೆ ಕಾಲು ಹೊರಗೆ ಬರಲ್ಲ, ಕುದುರೆ ಎಳೆದುಕೊಂಡು ಹೋಗಬಹುದು. ಅಡಿ ನುಣುಪಾಗಿದ್ದು ಹಿಮ್ಮಡಿ ಎತ್ತರ ಇರುವ ಬೂಟು ತೆಗೆದುಕೊಳ್ಳಿ. ಮಗಳ ಹಳೆಯ ಸವಾರಿ ಬೂಟೇ ಸಾಕು. ನಿಮ್ಮಿಬ್ಬರದ್ದು ಇವತ್ತೇ ಕೊಂಡು ದಿನಾ ಒಂದು ಗಂಟೆ ಮನೆಯಲ್ಲಿ ಹಾಕಿಕೊಂಡು ಓಡಾಡಿ. ಹೊಸ ಬೂಟು ಮೊದಲ ದಿನವೇ ಹಿಮ್ಮಡಿ ಕಚ್ಚುತ್ತದೆ. ಜೀನ್ಸ್ ಒಳಗೆ ಬಿಗಿಯಾದ ತೆಳು ಪ್ಯಾಂಟು ಹಾಕಿಕೊಳ್ಳಿ, ಮಂಡಿಯ ಒಳಭಾಗ ಉಜ್ಜುವುದಿಲ್ಲ. ಬಂದ ಮೇಲೆ ಮಗಳಿಗೆ ಯಾವ ಕುದುರೆ ಕೊಟ್ಟರು ಅಂತ ಇಲ್ಲೇ ಬರೆಯಿರಿ.