ಟ್ಯಾಕ್ಸ್ ಕ್ರೆಡಿಟ್ ಅಪಾರ್ಟ್‌ಮೆಂಟ್: ಸಂಬಳ ಹೆಚ್ಚಾದರೆ ಹೊರಹಾಕುತ್ತಾರೆಯೇ?

ಕೇಳಿದವರು: ಮನೆಯಲ್ಲಿ ನಾನು, ಹನ್ನೆರಡು ವರ್ಷದ ಮಗಳು ಇಬ್ಬರೇ. ನ್ಯೂಜೆರ್ಸಿಯ ಒಂದು ಉಪನಗರದ ಶಾಲೆಯಲ್ಲಿ ಸಹಾಯಕಿಯಾಗಿದ್ದೇನೆ. ಅರ್ಧಕ್ಕಿಂತ ಹೆಚ್ಚು ಸಂಬಳ ಬಾಡಿಗೆಗೇ ಹೋಗುತ್ತದೆ, ಆದರೆ ಮಗಳ ಶಾಲೆ ಬಿಡಿಸಲು ಮನಸ್ಸಿಲ್ಲ. ಇದೇ ಊರಿನಲ್ಲಿ ಟ್ಯಾಕ್ಸ್ ಕ್ರೆಡಿಟ್ ಹಣದಿಂದ ಕಟ್ಟಿದ, ಕಡಿಮೆ ಆದಾಯದವರಿಗೆಂದೇ ಇರುವ ಅಪಾರ್ಟ್‌ಮೆಂಟಿಗೆ ಅರ್ಜಿ ಕರೆದಿದ್ದಾರೆ. ಮುಂದೆ ಸಂಬಳ ಹೆಚ್ಚಾದರೆ ಖಾಲಿ ಮಾಡಿಸುತ್ತಾರೆಯೇ? ಬಲ್ಲವರು ತಿಳಿಸಿ.

ಆರು ವರ್ಷ ಅಂಥ ಮನೆಯಲ್ಲಿದ್ದವಳು: ಖಂಡಿತ ಹಾಕಿ ತಂಗಿ. ಆದರೆ ಸರ್ಕಾರದ ಮನೆಯೆಂದುಕೊಂಡು ಹೋಗಬೇಡಿ, ನಾನು ಎಡವಿದ್ದೇ ಅಲ್ಲಿ. ಕಟ್ಟಡ ಖಾಸಗಿಯವರದು. 1986ರ ತೆರಿಗೆ ಕಾಯ್ದೆಯಂತೆ ಹತ್ತು ವರ್ಷ ಸಿಗುವ ಟ್ಯಾಕ್ಸ್ ಕ್ರೆಡಿಟ್ಟನ್ನು, ಅಂದರೆ ಕಟ್ಟಬೇಕಾದ ತೆರಿಗೆಯಲ್ಲಿ ಸಿಗುವ ಕಡಿತವನ್ನು, ಬ್ಯಾಂಕುಗಳಂಥ ಹೂಡಿಕೆದಾರರಿಗೆ ಬಿಟ್ಟುಕೊಟ್ಟು, ಕಟ್ಟುವ ಹಣ ಎತ್ತಿರುತ್ತಾರೆ. ಅದಕ್ಕೆ ಪ್ರತಿಯಾಗಿ ಬಾಡಿಗೆಗೆ ಮಿತಿ. ಆ ಮಿತಿಗೆ ಆಧಾರ ನಿಮ್ಮ ಸಂಬಳವಲ್ಲ, ಆ ಪ್ರದೇಶದ ಮಧ್ಯಮ ಆದಾಯ, ಅಂದರೆ ಅರ್ಧ ಕುಟುಂಬಗಳು ಅದಕ್ಕಿಂತ ಹೆಚ್ಚು, ಅರ್ಧ ಕಡಿಮೆ ಗಳಿಸುವ ಮೊತ್ತ. ಅದರ ಶೇ. 60 ಎಂದರೆ ಮೂವರ ಕುಟುಂಬಕ್ಕೆ 60,000 ಡಾಲರ್ ಎಂದು ಸುಮ್ಮನೆ ಲೆಕ್ಕಕ್ಕೆ ಇಟ್ಟುಕೊಳ್ಳಿ. ಅದರಲ್ಲಿ ಶೇ. 30, ವರ್ಷಕ್ಕೆ 18,000, ತಿಂಗಳಿಗೆ 1,500. ಎರಡು ಬೆಡ್‌ರೂಮಿನ ಮನೆಗೆ ಕರೆಂಟು, ಗ್ಯಾಸ್ ಸೇರಿ ಅದೇ ಗರಿಷ್ಠ. ನೀವು ಇಬ್ಬರೇ ಇದ್ದರೂ ಆ ಮನೆಗೆ ಮೂವರ ಲೆಕ್ಕವೇ. ಮೂರನೆಯ ವರ್ಷ ನನ್ನ ಕೆಲಸದ ಗಂಟೆಗಳು ಕಡಿಮೆಯಾದಾಗ, ಬಾಡಿಗೆಯೂ ಇಳಿಯುತ್ತದೆಂದು ಕಚೇರಿಗೆ ಹೋಗಿ ಪೆಚ್ಚಾಗಿ ಬಂದೆ. ಹಾಗೆ ಇಳಿಯುವುದು ಸೆಕ್ಷನ್ 8 ವೌಚರ್, ಅಂದರೆ ಬಾಡಿಗೆಯ ಒಂದು ಪಾಲನ್ನು ಸರ್ಕಾರವೇ ಕೊಡುವ ನೆರವು, ಇದ್ದವರಿಗೆ.

ಸಂಬಳ ಹೆಚ್ಚಾಯಿತೆಂದು ಖಾಲಿ ಮಾಡಿಸುವುದಿಲ್ಲ. ಒಳಗೆ ಬರುವಾಗ ನಿಮ್ಮ ಆದಾಯ ಅರ್ಹತೆಯ ಮಿತಿಯೊಳಗಿರಬೇಕು, ಅಷ್ಟೆ. ಆಮೇಲೆ ಮಿತಿಯ ಶೇ. 140 ದಾಟಿದರೆ, ಮುಂದೆ ಖಾಲಿಯಾಗುವ ಮನೆಯನ್ನು ಅರ್ಹರಿಗೇ ಕೊಡಬೇಕಾದದ್ದು ಮಾಲೀಕರ ತಲೆನೋವು.

ಇನ್ನು ಕಾಗದಪತ್ರ. ನಮ್ಮವರು ಮರೆಯುವುದು ಊರಿನ ಆಸ್ತಿಯನ್ನು. ಮೈಸೂರಿನ ಬ್ಯಾಂಕಿನ ಠೇವಣಿ, ಅಣ್ಣನೊಂದಿಗೆ ಜಂಟಿಯಾಗಿದ್ದ ಸೈಟು, ಎರಡನ್ನೂ ನಾನು ಬರೆದಿರಲಿಲ್ಲ. ಮುಚ್ಚಿಡಬೇಕೆಂದಲ್ಲ, ಅಮೆರಿಕದ ಬಾಡಿಗೆ ಮನೆಗೂ ಅದಕ್ಕೂ ಏನು ಸಂಬಂಧ ಎಂಬ ಭಾವನೆ. ಠೇವಣಿಯ ಬಡ್ಡಿ ಟ್ಯಾಕ್ಸ್ ರಿಟರ್ನ್‌ನಲ್ಲಿ ಕಾಣಿಸಿತು, ಫೈಲು ವಾಪಸು ಬಂತು. ಎರಡು ತಿಂಗಳು ಅದಕ್ಕೇ ಹೋಯಿತು.

ಪಕ್ಕದ ಬೀದಿಯಲ್ಲಿ ಮನೆ ಕೊಂಡವನು: ಇಂಥದ್ದೇ ಒಂದು ಕಟ್ಟಡ ಬೇಡವೆಂದು ಟೌನ್‌ಶಿಪ್ ಸಭೆಯಲ್ಲಿ ಮೈಕು ಹಿಡಿದವನು ನಾನು, ಒಪ್ಪಿಕೊಳ್ಳುತ್ತೇನೆ. ಮನೆಯ ಬೆಲೆ ಬೀಳುತ್ತದೆ, ಕಳ್ಳತನ ಹೆಚ್ಚುತ್ತದೆ ಎಂದೆಲ್ಲ ಹೇಳಿದ್ದೆ. ನಮ್ಮದೇ ರಾಜ್ಯದ ಮೌಂಟ್ ಲಾರೆಲ್‌ನಲ್ಲಿ ಇದೇ ಜಗಳ ಕೋರ್ಟು ಹತ್ತಿತ್ತು. 1975ರಲ್ಲಿ ಕಡಿಮೆ ಬಾಡಿಗೆಯ ಮನೆಗಳ ಪರ ತೀರ್ಪು ಬಂದರೂ ಅಲ್ಲಿ ಕಟ್ಟಿದ ಎಥೆಲ್ ಲಾರೆನ್ಸ್ ಹೋಮ್ಸ್ ಎಂಬ ಅಂಥ ವಸತಿಗೆ ಜನ ಬಂದದ್ದು 2000ದಲ್ಲಿ. ಪ್ರಿನ್ಸ್‌ಟನ್ನಿನ ಸಮಾಜಶಾಸ್ತ್ರಜ್ಞ ಡಗ್ಲಸ್ ಮ್ಯಾಸಿ ತಂಡ ಹೋಗಿ ಲೆಕ್ಕ ಹಾಕಿದಾಗ ಅದರಿಂದ ಸುತ್ತಲಿನ ಬೆಲೆಯೂ ಬಿದ್ದಿರಲಿಲ್ಲ, ಅಪರಾಧವೂ ಏರಿರಲಿಲ್ಲ. ಇದನ್ನು ನಾನು ಓದಿದ್ದು ಮೈಕು ಕೆಳಗಿಟ್ಟ ಮೇಲೆ. ಈಗ ಮಗನ ಕ್ರಿಕೆಟ್ ತಂಡದ ವಿಕೆಟ್ ಕೀಪರ್ ಆ ಕಟ್ಟಡದ ಹುಡುಗ. ಯಾರೋ ಏನೋ ಅಂದುಕೊಳ್ಳುತ್ತಾರೆಂದು ನೀವು ಹಿಂಜರಿಯಬೇಡಿ ಮೇಡಂ.

ನರ್ಸಿಂಗ್ ಓದುತ್ತಿರುವವಳು: ಅಕ್ಕ, ಮುಂದೆ ಓದುವ ಯೋಚನೆಯಿದ್ದರೆ ಇದನ್ನೂ ನೋಡಿಕೊಳ್ಳಿ. ಮನೆಯಲ್ಲಿರುವ ಎಲ್ಲರೂ ಪೂರ್ಣಾವಧಿ ವಿದ್ಯಾರ್ಥಿಗಳಾದರೆ ಈ ಮನೆ ಸಿಗುವುದಿಲ್ಲ, ಶಾಲೆಗೆ ಹೋಗುವ ಮಕ್ಕಳೂ ಆ ಲೆಕ್ಕಕ್ಕೆ ಬರುತ್ತಾರೆ. ಒಂಟಿ ಪೋಷಕರಿಗೆ ವಿನಾಯಿತಿ ಇದೆ, ಆದರೆ ನೀವು ಬೇರೆಯವರ ತೆರಿಗೆ ರಿಟರ್ನ್‌ನಲ್ಲಿ ಅವಲಂಬಿತರಾಗಿರಬಾರದು. ಮಗಳು ತಂದೆಯ ರಿಟರ್ನ್‌ನಲ್ಲಿದ್ದರೆ ಅಡ್ಡಿಯಿಲ್ಲ. ಕೋರ್ಸಿಗೆ ಸೇರುವ ಮೊದಲೇ ಕಚೇರಿಯಿಂದ ಬರವಣಿಗೆಯಲ್ಲಿ ಉತ್ತರ ತೆಗೆದುಕೊಳ್ಳಿ.

ಕೇಳಿದವರು: ಎಲ್ಲರಿಗೂ ಧನ್ಯವಾದ. ಸೈಟಿನ ಮಾತು ಓದಿ ಎದೆ ಧಸಕ್ಕೆಂದಿತು, ನನ್ನ ಹೆಸರಿನಲ್ಲೂ ಹಾಸನದಲ್ಲಿ ಅರ್ಧ ಸೈಟಿದೆ. ಪತ್ರದ ನಕಲು ಕಳಿಸೆಂದು ತಮ್ಮನಿಗೆ ಹೇಳಿದ್ದೇನೆ. ಮಾರುತ್ತೀಯಾ ಎಂದು ಅವನು ಎರಡು ಸಲ ಕೇಳಿದ.