ಪದ ಬೇಕು, ತುರ್ತು: ಮಿಡಿಯುವ ನಕ್ಷತ್ರಗಳ ‘ಷಾಕ್ ವೇವ್’, ‘ಹಂಪ್’, ‘ಬಂಪ್’

ಮಾನ್ಯರೇ,

ಕಾಲೇಜಿನ ಖಗೋಳ ಪ್ರದರ್ಶನಕ್ಕೆ ಒಂದು ಫಲಕ ಬರೆಯುತ್ತಿದ್ದೇನೆ. ನಾಳೆ ಮಧ್ಯಾಹ್ನ ಮುದ್ರಣಕ್ಕೆ ಹೋಗಬೇಕು. ವಿಷಯ ವೀಣಾ ಮಂಡಲದ ಆರ್‌ಆರ್ ಲೈರೇ ನಕ್ಷತ್ರ. ಸುಮಾರು 13.6 ಗಂಟೆಗೊಮ್ಮೆ ಅದರ ಹೊಳಪು ಸರ್ರನೆ ಏರಿ ನಿಧಾನವಾಗಿ ಇಳಿಯುತ್ತದೆ. ಹೊಳಪಿನ ರೇಖಾಚಿತ್ರದ ಏರುವ ಬದಿಯಲ್ಲಿ, ತುದಿ ಮುಟ್ಟುವ ತುಸು ಮೊದಲು ಒಂದು ‘ಹಂಪ್’. ಇಳಿಯುವ ಬದಿಯಲ್ಲಿ, ತಳ ಮುಟ್ಟುವ ಮೊದಲು ಒಂದು ‘ಬಂಪ್’. ಎರಡಕ್ಕೂ ಕಾರಣ ಷಾಕ್ ವೇವ್. ಎರಡನ್ನೂ ‘ಉಬ್ಬು’ ಎಂದರೆ ಚಿತ್ರದಲ್ಲಿ ಗೊಂದಲವಾಗುತ್ತದೆ. ತಲೆಬರಹ ಸದ್ಯಕ್ಕೆ ಹೀಗಿದೆ: ‘ಸ್ಪಂದನ ನಕ್ಷತ್ರಗಳು: ಆಘಾತ ತರಂಗಗಳಿಂದ ಹೊಳಪಿನ ಏರಿಳಿತ’. ದಯವಿಟ್ಟು ಇಂದೇ ತಿಳಿಸಿ.

— ತುಮಕೂರಿನಿಂದ

‘ಆಘಾತ ತರಂಗ’ ಸರಿಯಾಗಿದೆ, ಪಠ್ಯಪುಸ್ತಕದ ಬಳಕೆಯೂ ಅದೇ. ಎರಡೂ ಸಂಸ್ಕೃತ ಪದಗಳು, ಸಮಾಸಕ್ಕೆ ಕುಂದಿಲ್ಲ. ‘ಆಘಾತಾಲೆ’ ಎಂದು ಯಾರಾದರೂ ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ, ಅದು ಅರಿಸಮಾಸ, ಸಂಸ್ಕೃತಕ್ಕೆ ಕನ್ನಡವನ್ನು ಬೆಸೆದ ದೋಷ. ಬಿರುದಾವಳಿಗೆ ವ್ಯಾಕರಣಕಾರ ಕೇಶಿರಾಜ ಕೊಟ್ಟ ವಿನಾಯಿತಿ ವಿಜ್ಞಾನದ ಫಲಕಕ್ಕೆ ಸಲ್ಲುವುದಿಲ್ಲ. ಹಂಪ್‌ಗೆ ‘ಕಕುದ’, ಬಂಪ್‌ಗೆ ‘ಉಬ್ಬು’. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

— ಮೈಸೂರಿನಿಂದ

ಚರ್ಚೆಗೆ ಬೇಕಾದಷ್ಟಿದೆ. ‘ಕಕುದ’ ಎಂದರೆ ಫಲಕದ ಮುಂದೆ ನಿಂತ ಹುಡುಗಿಗೆ ಏನು ತಿಳಿಯಬೇಕು? ಎತ್ತಿನ ಹೆಗಲ ಮೇಲಿನದಕ್ಕೆ ‘ಹಿಣಿಲು’ ಎಂಬ ಪದವಿದೆ, ‘ಡುಬ್ಬ’ ಇದೆ.

ಅದಕ್ಕೂ ಮೊದಲು ‘ಸ್ಪಂದನ’ವನ್ನು ಅಳಿಸಿ. ‘ಮನವಿಗೆ ಅಧಿಕಾರಿಗಳು ಸ್ಪಂದಿಸಲಿಲ್ಲ’ ಎಂದು ದಿನವೂ ಓದುವವರಿಗೆ ಸ್ಪಂದನ ಎಂದರೆ ಉತ್ತರ ಕೊಡುವುದು. ನಕ್ಷತ್ರ ಯಾರಿಗೂ ಉತ್ತರ ಕೊಡುತ್ತಿಲ್ಲ, ಅದು ಮಿಡಿಯುತ್ತಿದೆ. ತಂತಿ ಮಿಡಿಯುವುದು, ನಾಡಿ ಮಿಡಿಯುವುದು, ಕಂಬನಿ ಮಿಡಿಯುವುದು, ಮೂರರಲ್ಲೂ ಒಳಗಿನ ಬಿಗಿ ಹೊರಕ್ಕೆ ಚಿಮ್ಮುವ ಅರ್ಥವಿದೆ. ‘ಮಿಡುಕು’ ಸಹ ಇದೇ ಬೇರಿನದೆಂದು ನಾನು ಬಹುಕಾಲದಿಂದ ಹೇಳುತ್ತಿದ್ದೇನೆ. ವೀಣೆಯ ಹೆಸರಿನ ಮಂಡಲದ ನಕ್ಷತ್ರಕ್ಕೆ ಇದಕ್ಕಿಂತ ಒಪ್ಪುವ ಕ್ರಿಯಾಪದ ಬೇರೊಂದಿಲ್ಲ.

‘ಆಘಾತ’ವೂ ಕೆಟ್ಟಿದೆ. ಸಾವಿನ ಸುದ್ದಿ ಕೇಳಿದವರಿಗೆ ಆಗುವುದು ಆಘಾತ. ‘ಹೊಡೆತದಲೆ’ ಎಂದು ಬರೆಯಿರಿ.

— ಧಾರವಾಡದಿಂದ

‘ಮಿಡಿತಾರೆ’ ಎಂಬುದನ್ನು ಪಲ್ಸಾರ್‌ಗೆ ಆಗಲೇ ಬಳಸಿದವರಿದ್ದಾರೆ. 1967ರಲ್ಲಿ ಜೋಸೆಲಿನ್ ಬೆಲ್ ಮೊದಲು ಗುರುತಿಸಿದ್ದು ಅದನ್ನು. ಅದು ತಿರುಗುವ ನ್ಯೂಟ್ರಾನ್ ನಕ್ಷತ್ರ, ಮೈ ಹಿಗ್ಗಿಸಿ ಕುಗ್ಗಿಸುವುದಿಲ್ಲ. ಬೇರು ಹುಡುಕುವ ಮುನ್ನ ಬಳಕೆ ನೋಡಬೇಕು. ‘ಹೊಡೆತದಲೆ’ ಕೇಳಲಾಗದು.

— ಮೈಸೂರಿನಿಂದ

ಷಾಕ್ ಎಂದೇ ಬಿಡಬಾರದೇಕೆ? ಕರೆಂಟ್ ಷಾಕ್ ಎಂದರೆ ಮಗುವಿಗೂ ಗೊತ್ತು. ಕಾಗದ, ಕುರ್ಚಿ, ಕಚೇರಿ ಎಲ್ಲವನ್ನೂ ಹೊರಗಿನಿಂದ ತಂದುಕೊಂಡವರು ಇಲ್ಲಿ ಮಡಿ ಮಾಡುವುದು ಸರಿಯಲ್ಲ.

— ಉಡುಪಿಯಿಂದ

ಕಾಗದ ಎಂಬ ಪದ ಬಂದದ್ದು ಕಾಗದ ಬಂದಾಗ. ಹೊಡೆತ ನಮ್ಮಲ್ಲಿ ಯಾವಾಗಲೂ ಇತ್ತು. ಇಲ್ಲದ ವಸ್ತುವಿನ ಹೆಸರನ್ನು ಸಾಲ ಪಡೆಯುವುದು ಬೇರೆ, ಇರುವ ಹೆಸರನ್ನು ಹೊರಗೆ ಹಾಕುವುದು ಬೇರೆ. ಕರೆಂಟ್ ಷಾಕ್ ತಿಳಿದ ಮಗು ನಕ್ಷತ್ರದಲ್ಲಿ ವಿದ್ಯುತ್ತನ್ನು ಹುಡುಕುತ್ತದೆ.

— ಧಾರವಾಡದಿಂದ

ಪದಗಳಿಗಿಂತ ಮೊದಲು ತಲೆಬರಹ ತಿದ್ದಬೇಕು. ‘ಆಘಾತಗಳಿಂದ ಹೊಳಪಿನ ಏರಿಳಿತ’ ಎಂಬುದು ತಪ್ಪು. ಯಾರೂ ಅದನ್ನು ಗಮನಿಸದೆ ಸಮಾಸ ಬಿಡಿಸುತ್ತಿರುವುದು ನನಗೆ ಬೇಸರ ತಂದಿದೆ.

ಏರಿಳಿತದ ಮೂಲ ಬೇರೆ. ಮೇಲ್ಮೈಯಿಂದ ತುಸು ಒಳಗೆ, ಹೀಲಿಯಂ ತನ್ನ ಎರಡನೆಯ ಎಲೆಕ್ಟ್ರಾನನ್ನೂ ಕಳೆದುಕೊಳ್ಳುವ ಪದರವೊಂದಿದೆ. ಅಲ್ಲಿ ಅನಿಲ ಒತ್ತಿಕೊಂಡಷ್ಟೂ ಬೆಳಕಿಗೆ ತಡೆ ಹೆಚ್ಚುತ್ತದೆ. ಸಿಕ್ಕಿಬಿದ್ದ ಶಾಖ ಮೇಲಿನ ಪದರಗಳನ್ನು ಹೊರಕ್ಕೆ ತಳ್ಳುತ್ತದೆ. ಹಿಗ್ಗಿದಾಗ ತಡೆ ಸಡಿಲವಾಗಿ ಶಾಖ ಹೊರಟುಹೋಗುತ್ತದೆ, ಪದರಗಳು ಮರಳಿ ಕೆಳಗೆ ಬೀಳುತ್ತವೆ. ಮೇಲ್ಮೈಯ ಬಿಸಿ ಮತ್ತು ಗಾತ್ರ ಹೀಗೆ ಬದಲಾಗುವುದರಿಂದಲೇ ಹೊಳಪು ಬದಲಾಗುತ್ತದೆ. ಆಘಾತಗಳು ಈ ಏರಿಳಿತಕ್ಕೆ ಆಕಾರ ಕೊಡುತ್ತವೆ, ಅಷ್ಟೇ. ‘ಇಂದ’ ಪ್ರತ್ಯಯ ಇಲ್ಲಿ ಸುಳ್ಳು ಹೇಳುತ್ತಿದೆ.

ಈಗ ಹಂಪ್ ಮತ್ತು ಬಂಪ್. ಇವೆರಡರ ಹುಟ್ಟು ಒಂದೇ ಅಲ್ಲ, ಆದ್ದರಿಂದ ಎರಡು ಪದ ಬೇಕೆಂದು ತುಮಕೂರಿನವರು ಕೇಳಿದ್ದು ನ್ಯಾಯವಾಗಿದೆ. ಇಳಿಯುವ ಬದಿಯ ಬಂಪ್ ಹುಟ್ಟುವುದು ಡಿಕ್ಕಿಯಿಂದ: ಕೆಳಗೆ ಬೀಳುತ್ತಿರುವ ಹೊರಪದರಗಳು ಒಳಗಿನ ದಟ್ಟ ಪದರಗಳಿಗೆ ಬಡಿಯುತ್ತವೆ. ಏರುವ ಬದಿಯ ಹಂಪ್ ಮುಖ್ಯ ಆಘಾತದ್ದು. ಅದು ಒಳಗಿನಿಂದ ಎದ್ದು ಕಾಣುವ ಮೇಲ್ಮೈಯನ್ನು ಸೀಳಿಕೊಂಡು ಹೊರಬರುತ್ತದೆ. ಆ ಹೊತ್ತಿಗೆ ರೋಹಿತದಲ್ಲಿ, ಅಂದರೆ ಬೆಳಕನ್ನು ಬಣ್ಣಗಳಾಗಿ ಬಿಡಿಸಿದ ಪಟ್ಟಿಯಲ್ಲಿ, ಕಪ್ಪಾಗಿರಬೇಕಾದ ಹೈಡ್ರೋಜನ್ ಗೆರೆಗಳಲ್ಲಿ ಬೆಳಕು ಕಾಣಿಸಿಕೊಳ್ಳುತ್ತದೆ. ಆರ್‌ಆರ್ ಲೈರೇಯಲ್ಲಿ 1940ರ ದಶಕದಲ್ಲೇ ಇದನ್ನು ಕಂಡಿದ್ದಾರೆ. ಆಘಾತ ಹಾದುಹೋದ ಅನಿಲ ಬಿಸಿಯಾಗಿದೆ ಎಂಬುದಕ್ಕೆ ಇದು ಸಾಕ್ಷಿ.

ಆದ್ದರಿಂದ ಬಂಪ್‌ಗೆ ‘ಬುಗುಟು’ ಎನ್ನಿ. ತಲೆಗೆ ಪೆಟ್ಟು ಬಿದ್ದು ಏಳುವುದು ಬುಗುಟು; ಇದೂ ಪೆಟ್ಟಿನಿಂದಲೇ ಎದ್ದದ್ದು. ಹಂಪ್‌ಗೆ ‘ಡುಬ್ಬ’ ಸಾಕು. ‘ಹಿಣಿಲು’ ಚೆನ್ನಾಗಿದೆ, ಆದರೆ ತುಮಕೂರಿನ ಪೇಟೆಯ ಮಕ್ಕಳಲ್ಲಿ ಎಷ್ಟು ಜನ ಕೇಳಿರುತ್ತಾರೆ?

‘ಆಘಾತ’ ಇರಲಿ, ಹೃದಯಾಘಾತವನ್ನು ಯಾರೂ ಮನಸ್ಸಿನ ನೋವೆಂದು ತಿಳಿಯುವುದಿಲ್ಲ. ನನ್ನ ತಕರಾರು ‘ತರಂಗ’ದ ಮೇಲೆ. ತರಂಗ ಎಂದೊಡನೆ ಏರಿಳಿಯುತ್ತ ಸಾಗುವ ಸಾಲು ಕಣ್ಣಿಗೆ ಬರುತ್ತದೆ. ಅನಿಲ ತನ್ನೊಳಗಿನ ಶಬ್ದದ ವೇಗವನ್ನು ಮೀರಿ ನುಗ್ಗಿದಾಗ ಒತ್ತಡ, ಸಾಂದ್ರತೆ, ಉಷ್ಣತೆ ಮೂರೂ ಒಂದು ತೆಳುವಾದ ಅಂಚಿನಲ್ಲಿ ಒಮ್ಮೆಲೇ ಜಿಗಿಯುತ್ತವೆ. ಆ ಅಂಚೇ ಆಘಾತ. ‘ಅಲೆ’ ಎಂದರೆ ಕನಿಷ್ಠ ದಡಕ್ಕೆ ಅಪ್ಪಳಿಸುವ ಒಂದೇ ಅಲೆಯನ್ನಾದರೂ ಊಹಿಸಬಹುದು. ‘ಆಘಾತದ ಅಲೆ’, ಬಿಡಿಸಿ ಬರೆಯಿರಿ.

ಜಾಗವಿದ್ದರೆ ತಿಮಿಂಗಿಲ ಮಂಡಲದ ಮೀರಾವನ್ನೂ ಸೇರಿಸಿ. 1596ರಲ್ಲಿ ಡೇವಿಡ್ ಫ್ಯಾಬ್ರಿಸಿಯಸ್ ಗಮನಿಸಿದ ನಕ್ಷತ್ರ ಅದು, ಅವಧಿ ಸುಮಾರು 332 ದಿನ. ಅದರ ಸಡಿಲವಾದ ಹೊರಪದರಗಳನ್ನು ಆಘಾತಗಳು ಎತ್ತಿಹಿಡಿಯುತ್ತವೆ. ಅಲ್ಲಿ ತಣಿದ ಅನಿಲದಿಂದ ದೂಳು ಹುಟ್ಟಿ, ಬೆಳಕಿನ ಒತ್ತಡಕ್ಕೆ ಸಿಕ್ಕು ಹೊರಕ್ಕೆ ಹರಿಯುತ್ತದೆ.

— ಬೆಂಗಳೂರಿನಿಂದ

‘ಬುಗುಟು’ ಒಪ್ಪಿದೆ. ‘ಆಘಾತ’ವನ್ನು ಒಪ್ಪಿಲ್ಲ. ಹೃದಯಾಘಾತವನ್ನು ನಮ್ಮ ಊರಿನಲ್ಲಿ ಹಾರ್ಟ್ ಅಟ್ಯಾಕ್ ಎನ್ನುತ್ತಾರೆ, ಅಂದರೆ ಸಂಸ್ಕೃತದ ಪದ ಜನರವರೆಗೆ ತಲುಪಲಿಲ್ಲ. ಕನ್ನಡದ ಪದ ಕಟ್ಟಲು ಹಿಂಜರಿದಲ್ಲೆಲ್ಲ ಕೊನೆಗೆ ಗೆದ್ದದ್ದು ಇಂಗ್ಲಿಷ್.

— ಧಾರವಾಡದಿಂದ

ಗೆಲುವು ಸೋಲಿನ ಮಾತೇಕೆ? ಜನ ಆಡುವುದೇ ಕನ್ನಡ.

— ಉಡುಪಿಯಿಂದ

ಎಲ್ಲರಿಗೂ ವಂದನೆಗಳು. ಮುದ್ರಣಕ್ಕೆ ಕೊಡುವ ಪಾಠ ಇದು: ‘ಮಿಡಿಯುವ ನಕ್ಷತ್ರಗಳು: ಹೊಳಪಿನ ರೇಖೆಗೆ ಆಕಾರ ಕೊಡುವ ಆಘಾತದ ಅಲೆಗಳು’. ಚಿತ್ರದಲ್ಲಿ ಏರುವ ಬದಿಗೆ ‘ಡುಬ್ಬ’, ಇಳಿಯುವ ಬದಿಗೆ ‘ಬುಗುಟು’. ಪಲ್ಸಾರ್ ಎಂದು ಯಾರೂ ತಿಳಿಯದಂತೆ ‘ಮಿಡಿತಾರೆ’ ಎಂದು ಕೂಡಿಸದೆ ‘ಮಿಡಿಯುವ ನಕ್ಷತ್ರ’ ಎಂದೇ ಇಟ್ಟಿದ್ದೇನೆ. ಮೀರಾಗೆ ಜಾಗ ಸಿಗಲಿಲ್ಲ.

— ತುಮಕೂರಿನಿಂದ

ಷಷ್ಠಿಯಲ್ಲಿ ಬಿಡಿಸಿದ್ದೀರಿ, ‘ಆಘಾತದ ಅಲೆ’ಗೆ ವ್ಯಾಕರಣದ ಆಕ್ಷೇಪವಿಲ್ಲ. ‘ಮಿಡಿಯುವ’ ಕೃದಂತವಾಗಿ ನಿಲ್ಲುತ್ತದೆ. ‘ಬುಗುಟು’ ಫಲಕಕ್ಕೆ ತಕ್ಕ ಪದವಲ್ಲ ಎಂಬ ನನ್ನ ಮಾತು ದಾಖಲಾಗಲಿ.

— ಮೈಸೂರಿನಿಂದ