ಹೊಗೆ, ಚಳಿ, ಸಕ್ಕರೆ: ಇನುಯಿಟ್ ಜನರ ಲೆಕ್ಕದಲ್ಲಿ ಸಿಗರೇಟಿನ ಪಾಲೆಷ್ಟು?

ಧ್ರುವತಾರೆ
ಇನುಯಿಟ್ ಅಂದರೆ ಗ್ರೀನ್‌ಲ್ಯಾಂಡ್, ಕೆನಡಾ, ಅಲಾಸ್ಕಾದ ಧ್ರುವಪ್ರದೇಶದ ಮೂಲನಿವಾಸಿಗಳು. ಗ್ರೀನ್‌ಲ್ಯಾಂಡ್‌ನ ವಯಸ್ಕರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಈಗಲೂ ಸೇದುತ್ತಾರೆ. ಕೆನಡಾದ ನುನಾವುಟ್‌ನ ಇನುಯಿಟ್ ಜನರಲ್ಲಿ ಅರ್ಧಕ್ಕಿಂತ ಹೆಚ್ಚು. ಆದರೂ 1960ರ ದಶಕದಲ್ಲಿ ಗ್ರೀನ್‌ಲ್ಯಾಂಡ್‌ನಲ್ಲಿ ಸಕ್ಕರೆ ಕಾಯಿಲೆ ಬಹಳ ಅಪರೂಪ ಅಂತಲೇ ದಾಖಲೆ. ನಿಕೋಟಿನ್ ಮೈಯ ಶಕ್ತಿ ಖರ್ಚನ್ನು ಏರಿಸುತ್ತೆ. 1986ರ ಪ್ರಯೋಗವೊಂದರಲ್ಲಿ ದಿನಕ್ಕೆ 24 ಸಿಗರೇಟು ಸೇದಿದವರ ದಿನದ ಖರ್ಚು ಸುಮಾರು 10% ಏರಿತ್ತು, ಅಂದರೆ 200 ಕ್ಯಾಲೊರಿ ಆಸುಪಾಸು. ಬಿಟ್ಟರೆ ತೂಕ ಏರುತ್ತೆ. ಹಾಗಾಗಿ ನನ್ನ ವಾದ ಇಷ್ಟೇ: ಶ್ವಾಸಕೋಶಕ್ಕೆ, ಹೃದಯಕ್ಕೆ ಕೆಟ್ಟದ್ದು, ಒಪ್ಪಿದೆ. ಆದರೆ ಸಕ್ಕರೆಯ ಲೆಕ್ಕದಲ್ಲಿ ಈ ಜನರ ಮಟ್ಟಿಗೆ ಸಿಗರೇಟು ಸಣ್ಣ ಬಾಬತ್ತು. ದೊಡ್ಡವು ಎರಡು, ಜೀನ್ ಮತ್ತು ಅಂಗಡಿ ತಿಂಡಿ.

ಮಂಜುಳಾ_ಎನ್
200 ಕ್ಯಾಲೊರಿ ಖರ್ಚಾಯಿತು ಅಂದರೆ ಸಕ್ಕರೆ ಸರಿಹೋಯಿತು ಅಂತ ಅಲ್ಲ ಸರ್. ಅದೇ ನಿಕೋಟಿನ್ ಅಡ್ರಿನಲಿನ್ ಏರಿಸಿ ಕೊಬ್ಬಿನ ಕೋಶಗಳಿಂದ ಕೊಬ್ಬಿನಾಮ್ಲವನ್ನು ರಕ್ತಕ್ಕೆ ಬಿಡಿಸುತ್ತೆ. ಸ್ನಾಯು ಆ ಕೊಬ್ಬನ್ನೇ ಉರಿಸಲು ತೊಡಗಿ ಇನ್ಸುಲಿನ್ ಮಾತಿಗೆ ಕಿವಿಗೊಡುವುದು ಕಡಿಮೆಯಾಗುತ್ತೆ. ಸೇದುವವರ ಒಟ್ಟು ತೂಕ ಕಡಿಮೆ ಇರಬಹುದು, ಆದರೆ ಅದೇ ತೂಕದ ಸೇದದವರಿಗೆ ಹೋಲಿಸಿದರೆ ಕೊಬ್ಬು ಹೊಟ್ಟೆಯ ಕಡೆಗೆ ವಾಲಿರುತ್ತೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2007ರ ವಿಶ್ಲೇಷಣೆಯಲ್ಲಿ ಸೇದುವವರಿಗೆ ಟೈಪ್ 2 ಮಧುಮೇಹದ ಅಪಾಯ ಸುಮಾರು 44% ಹೆಚ್ಚು, ದಿನಕ್ಕೆ 20 ದಾಟಿಸುವವರಿಗೆ 61%.

ಇನ್ನು "ಚಳಿಗೆ ಬೆಚ್ಚಗೆ" ಅನ್ನೋ ಮಾತು ಇಲ್ಲಿ ಯಾರಾದರೂ ಎತ್ತುವ ಮೊದಲೇ ಹೇಳಿಬಿಡ್ತೀನಿ: ನಿಕೋಟಿನ್ ಚರ್ಮದ ರಕ್ತನಾಳಗಳನ್ನು ಕುಗ್ಗಿಸುತ್ತೆ. ಬೆರಳು ತಣ್ಣಗಾಗುತ್ತೆ, ಹಿಮಗಡಿತದ ಅಪಾಯ ಏರುತ್ತೆ.

ಲ್ಯಾಬ್ ಮೇಷ್ಟ್ರು
ಇಬ್ಬರೂ ಅಳತೆಯ ಪ್ರಶ್ನೆಯನ್ನು ಹಾರಿಸಿಬಿಟ್ಟಿರಿ. "ಅಪರೂಪ" ಅಂದದ್ದು ಯಾವ ಪರೀಕ್ಷೆಯಲ್ಲಿ? 1999–2001ರ ಗ್ರೀನ್‌ಲ್ಯಾಂಡ್ ಸಮೀಕ್ಷೆಯಲ್ಲಿ ಗ್ಲೂಕೋಸ್ ಕುಡಿಸಿ ನೋಡಿದಾಗ 35 ದಾಟಿದವರಲ್ಲಿ ಸುಮಾರು 10% ಜನರಿಗೆ ಮಧುಮೇಹ. ಅವರಲ್ಲಿ ಹೆಚ್ಚಿನವರಿಗೆ ಅದು ಗೊತ್ತೇ ಇರಲಿಲ್ಲ.

ಒಂದು ದೊಡ್ಡ ಕಾರಣ 2014ರಲ್ಲಿ ಸಿಕ್ಕಿತು. ಟಿಬಿಸಿ1ಡಿ4 ಜೀನ್‌ನ ಒಂದು ಮುರಿದ ರೂಪ ಗ್ರೀನ್‌ಲ್ಯಾಂಡ್ ಜನರಲ್ಲಿ 17% ಆವರ್ತನದಲ್ಲಿದೆ, ಅಂದರೆ ಆ ಜೀನ್‌ನ ನೂರು ಪ್ರತಿಗಳಲ್ಲಿ 17 ಮುರಿದವು. ತಂದೆ, ತಾಯಿ ಇಬ್ಬರಿಂದಲೂ ಪಡೆದವರು ಸುಮಾರು 4%. ಇವರ ಸ್ನಾಯುವಿನಲ್ಲಿ ಗ್ಲೂಕೋಸ್ ಒಳಗೆಳೆದುಕೊಳ್ಳುವ ಗ್ಲುಟ್4 ಅನ್ನೋ ಪ್ರೋಟೀನು ಕಡಿಮೆ. ಬರಿಹೊಟ್ಟೆಯ ಸಕ್ಕರೆ ಸಾಧಾರಣ, ಇನ್ನೂ ಹೇಳಬೇಕೆಂದರೆ ತುಸು ಕಡಿಮೆಯೇ. ಆದರೆ ಕುಡಿಸಿ ಎರಡು ಗಂಟೆ ಬಿಟ್ಟು ನೋಡಿದರೆ ಉಳಿದವರಿಗಿಂತ ಸರಾಸರಿ 3.8 ಮಿಲಿಮೋಲ್, ಅಂದರೆ ನಮ್ಮ ಲೆಕ್ಕದಲ್ಲಿ 68 ಮಿಲಿಗ್ರಾಂ ಹೆಚ್ಚು. ಮಧುಮೇಹದ ಅಪಾಯ ಸುಮಾರು ಹತ್ತು ಪಟ್ಟು. ಬರಿಹೊಟ್ಟೆಯ ರಕ್ತ ಅಥವಾ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ) ಮಾತ್ರ ನೋಡಿದರೆ ಇವರು ಜಾರಿಕೊಳ್ಳುತ್ತಾರೆ. ಕೆನಡಾ, ಅಲಾಸ್ಕಾದ ಇನುಯಿಟ್ ಜನರಲ್ಲೂ ಇದೇ ರೂಪ ಇದೆ.

ಈಗ ಇದರ ಮೇಲೆ ಸಿಗರೇಟು ಹೇರಿ ನೋಡಿ. ಸೇದುವವರ ಎಚ್‌ಬಿಎ1ಸಿ ಸೇದದವರಿಗಿಂತ ತುಸು ಮೇಲಿರುತ್ತೆ. ಒಂದೇ ಪರೀಕ್ಷೆಯನ್ನು ಒಂದು ಕಾರಣ ಕೆಳಕ್ಕೂ ಇನ್ನೊಂದು ಮೇಲಕ್ಕೂ ಎಳೆಯುತ್ತಿರುವಾಗ, ಆ ಅಂಕಿಯಿಂದ ಸಿಗರೇಟಿನ ಪಾಲು ಸಣ್ಣದು ಅಂತ ತೀರ್ಪು ಕೊಡಲಾಗದು.

ಧ್ರುವತಾರೆ
ಮೇಷ್ಟ್ರೇ, ಹತ್ತು ಪಟ್ಟಿನ ಎದುರು 44% ಎಷ್ಟರದು? ನೀವು ನನ್ನ ವಾದವನ್ನೇ ಗಟ್ಟಿ ಮಾಡಿದಿರಿ!

ಲ್ಯಾಬ್ ಮೇಷ್ಟ್ರು
ಹತ್ತು ಪಟ್ಟು 4% ಜನಕ್ಕೆ. 44% ಅರ್ಧ ಊರಿಗೆ. ಗುಣಿಸಿ ನೋಡಿ, ಸಿಗರೇಟಿನ ಪಾಲು ಜೀನ್‌ಗಿಂತ ಕಡಿಮೆ ಬಂದರೂ ಸಣ್ಣದೇನಲ್ಲ.

ಸೋಮಣ್ಣ ಹಾ.
ಜೀನ್ ಮಾತು ಬಂತಲ್ಲ, ಅಳತೆಪಟ್ಟಿಯನ್ನೂ ನೋಡಬೇಕು. ನಮ್ಮವರಿಗೆ ಬಿಎಂಐ 23 ದಾಟಿದರೆ, ಸೊಂಟ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರಿಕೆ ಕೊಡ್ತಾರೆ. ಇನುಯಿಟ್ ವಿಷಯದಲ್ಲಿ ತಿರುಗುಮುರುಗು. 2007ರಲ್ಲಿ ನಾಲ್ಕು ಸಮೀಕ್ಷೆಗಳನ್ನು ಸೇರಿಸಿ ನೋಡಿದಾಗ, ಅದೇ ಬಿಎಂಐನ ಯುರೋಪಿಯನ್ ಮೂಲದವರಿಗಿಂತ ಇವರ ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು), ರಕ್ತದೊತ್ತಡ ಕಡಿಮೆ, ಎಚ್‌ಡಿಎಲ್ ಅನ್ನೋ ಒಳ್ಳೆಯ ಕೊಲೆಸ್ಟರಾಲ್ ಹೆಚ್ಚು. ಗಿಡ್ಡ ಕಾಲು, ಉದ್ದ ಮುಂಡ ಇರುವ ಮೈಕಟ್ಟಿಗೆ ಬಿಎಂಐ ಸೂತ್ರ ಸರಿಯಾಗಿ ಹೊಂದುವುದಿಲ್ಲ ಅನ್ನೋದು ಒಂದು ವಿವರಣೆ. ಯುರೋಪಿಯನ್ನರ ಪಟ್ಟಿ ಹಿಡಿದು "ಮೆಟಬಾಲಿಕ್ ಸಿಂಡ್ರೋಮ್ (ಸೊಂಟ, ಸಕ್ಕರೆ, ರಕ್ತದೊತ್ತಡ, ಕೊಬ್ಬು ಒಟ್ಟಿಗೇ ಕೆಡುವ ಸ್ಥಿತಿ) ಇಷ್ಟು ಶೇಕಡಾ" ಅಂತ ಬರೆದ ಪ್ರಬಂಧಗಳನ್ನು ನಾನು ಅರ್ಧ ಮನಸ್ಸಿನಿಂದಲೇ ಓದೋದು.

ಸೈಬೀರಿಯಾದ ಯಾಕುತ್, ಎವೆಂಕಿ ಜನರ ವಿಶ್ರಾಂತಿ ಚಯಾಪಚಯ (ಸುಮ್ಮನಿದ್ದಾಗ ಮೈ ಖರ್ಚು ಮಾಡುವ ಶಕ್ತಿ) ಅವರ ಮೈತೂಕಕ್ಕೆ ಲೆಕ್ಕ ಹಾಕಿದ್ದಕ್ಕಿಂತ ಹೆಚ್ಚು ಅನ್ನೋದೂ ನೆನಪಿರಲಿ. ಅಲ್ಲಿ ಥೈರಾಯ್ಡ್ ಹಾರ್ಮೋನಿನ ಪಾತ್ರವಿದೆ. ಅದನ್ನು ಅಳೆಯುವಾಗ ರಾತ್ರಿಯಿಡೀ ಸಿಗರೇಟು ಮುಟ್ಟದೆ ಇರಬೇಕು. ಇಲ್ಲವಾದರೆ ನೀವು ಅಳೆದದ್ದು ನಿಕೋಟಿನ್ ಬಿಸಿಯನ್ನ, ಚಳಿಗೆ ಹೊಂದಿಕೊಂಡ ಮೈಯನ್ನಲ್ಲ.

ಕಡ್ಡಿಪುಡಿ ವೈರಿ
ಎಲ್ಲರೂ ಸಿಗರೇಟು ಸಿಗರೇಟು ಅಂತಿದ್ದೀರಿ. ಅಲಾಸ್ಕಾದ ಯೂಕಾನ್–ಕಸ್ಕೊಕ್ವಿಮ್ ಮುಖಜಭೂಮಿಯ ಯೂಪಿಕ್ ಜನರಲ್ಲಿ ಹೊಗೆಯೇ ಇಲ್ಲದ, ಬಾಯಲ್ಲಿಟ್ಟುಕೊಳ್ಳುವ ಇಕ್ಮಿಕ್ ಅನ್ನೋ ಹೊಗೆಸೊಪ್ಪು ಇದೆ. ಬರ್ಚ್ ಮರದ ಮೇಲೆ ಬೆಳೆಯುವ ಗಟ್ಟಿ ಅಣಬೆಯನ್ನು ಸುಟ್ಟು ಬೂದಿ ಮಾಡ್ತಾರೆ, ಅದನ್ನು ಹೊಗೆಸೊಪ್ಪಿನ ಎಲೆಗೆ ಬೆರೆಸ್ತಾರೆ. ಕೆಲವರು ಬಾಯಲ್ಲಿ ಅಗಿದು ಹದ ಮಾಡಿ ಚಿಕ್ಕ ಡಬ್ಬಿಯಲ್ಲಿಟ್ಟು ಬೇರೆಯವರಿಗೂ ಕೊಡ್ತಾರೆ. ಬೂದಿಯ ಕ್ಷಾರದಿಂದ ಪಿಎಚ್ (ಆಮ್ಲ-ಕ್ಷಾರದ ಅಳತೆ, 7 ದಾಟಿದರೆ ಕ್ಷಾರ) 11ರ ಹತ್ತಿರ ಹೋಗುತ್ತೆ. ಪಿಎಚ್ 8ರಲ್ಲಿ ನಿಕೋಟಿನ್ ಅರ್ಧ ಭಾಗ ಮಾತ್ರ ಬಾಯಿಯ ಪೊರೆ ದಾಟುವ ರೂಪದಲ್ಲಿರುತ್ತೆ, 9ಕ್ಕೆ ಹತ್ತರಲ್ಲಿ ಒಂಬತ್ತು ಭಾಗ, 10 ದಾಟಿದರೆ ಹೆಚ್ಚುಕಡಿಮೆ ಪೂರ್ತಿ. ನಮ್ಮಲ್ಲಿ ಕಡ್ಡಿಪುಡಿಗೆ ಸುಣ್ಣ ತಿಕ್ಕುವುದರ ರಸಾಯನವೂ ಇದೇ.

"ಸಹಜ ವಸ್ತು, ಹೊಗೆ ಇಲ್ಲ" ಅಂತ ಗರ್ಭಿಣಿಯರು ಸಿಗರೇಟು ಬಿಟ್ಟು ಇದಕ್ಕೆ ಹೊರಳಿಕೊಳ್ಳೋದುಂಟು. ಮಗುವಿಗೆ ಹೋಗುವ ನಿಕೋಟಿನ್ ಏನೂ ಕಡಿಮೆಯಾಗಲ್ಲ. ಸಮೀಕ್ಷೆಯಲ್ಲಿ "ಸೇದುತ್ತೀರಾ?" ಅಂತ ಮಾತ್ರ ಕೇಳಿದರೆ ಇವರೆಲ್ಲ "ಇಲ್ಲ" ಅನ್ನುವ ಸಾಲಿಗೆ ಬೀಳ್ತಾರೆ.

ಮಂಜುಳಾ_ಎನ್
ಇದು ಮುಖ್ಯ. ಊದಿಸಿ ನೋಡುವ ಕಾರ್ಬನ್ ಮೊನಾಕ್ಸೈಡ್ ಮೀಟರಿಗೂ ಇವರು ಸಿಕ್ಕಲ್ಲ, ಅಲ್ಲಿ ಸುಡುವುದೇ ಇಲ್ಲವಲ್ಲ. ತದ್ವಿರುದ್ಧವಾಗಿ, ಸೇದದಿದ್ದರೂ ಹಿಮಗಾಡಿಯ ಹೊಗೆ ಕುಡಿದು ಬಂದವರ ಅಂಕಿ ಏರಿರಬಹುದು. ಆ ಅನಿಲದ ಅರ್ಧಾಯು 4–5 ಗಂಟೆ ಮಾತ್ರ. ನಿಕೋಟಿನ್ ಮೈಯಲ್ಲಿ ಒಡೆದು ಆಗುವ ಕೋಟಿನಿನ್ ನೋಡಬೇಕು, ಅದರ ಅರ್ಧಾಯು 16 ಗಂಟೆಯ ಮೇಲೆ. ನಿಕೋಟಿನ್ ಪ್ಯಾಚ್ ಹಾಕಿಕೊಂಡವರಲ್ಲಿ ಕೋಟಿನಿನ್ ಹೇಗೂ ಏರಿರುತ್ತೆ, ಅವರಿಗೆ ಅನಾಬಸಿನ್ ಪರೀಕ್ಷೆ. ಅದು ಹೊಗೆಸೊಪ್ಪಿನಿಂದ ಬರುತ್ತೆ, ಪ್ಯಾಚಿನಿಂದಲ್ಲ.

ಧ್ರುವತಾರೆ ಅವರೇ, ನಿಮ್ಮ ಹೋಲಿಕೆಗೆ ಇನ್ನೊಂದು ತೊಡಕಿದೆ. ನುನಾವುಟ್‌ನ ಬಾಫಿನ್ ಪ್ರದೇಶದ ಇನುಯಿಟ್ ಶಿಶುಗಳಿದ್ದ 49 ಮನೆಗಳನ್ನು ಅಳೆದ 2007ರ ವರದಿಯಲ್ಲಿ ಒಂದೊಂದು ಮನೆಗೆ ಸರಾಸರಿ ಆರು ಜನ, ಒಳಗಿನ ಇಂಗಾಲದ ಡೈಆಕ್ಸೈಡ್ ಸರಾಸರಿ 1350 ಪಿಪಿಎಂ ದಾಟಿತ್ತು (ಗಾಳಿಯಾಟ ಸಾಲದು ಅಂತ ಅರ್ಥ), ಬಹುತೇಕ ಎಲ್ಲ ಮನೆಯಲ್ಲೂ ಸೇದುವವರಿದ್ದರು. ಹೊರಗೆ ಮೈನಸ್ 30 ಇರುವಾಗ ಕಿಟಕಿ ಯಾರು ತೆಗೀತಾರೆ? ಅಂಥ ಮನೆಯಲ್ಲಿ "ಸೇದದವರು" ಅನ್ನುವ ಗುಂಪೂ ಹೊಗೆ ಕುಡಿದಿರುತ್ತೆ. ಎರಡು ಗುಂಪಿನ ನಡುವೆ ವ್ಯತ್ಯಾಸ ಕಾಣದಿದ್ದರೆ ಅದು ಸಿಗರೇಟಿಗೆ ಕ್ಲೀನ್ ಚಿಟ್ ಅಲ್ಲ.

ಧ್ರುವತಾರೆ
ಹೋಲಿಕೆಯ ಗುಂಪು ಶುದ್ಧವಲ್ಲ, ಸರಿ. ಆದರೆ ಬಿಡಿಸಿದ ಮೇಲಿನ ತೂಕಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಮೊದಲ ವರ್ಷ ಸರಾಸರಿ 4–5 ಕೆಜಿ. ಅಂಗಡಿಯಲ್ಲಿ ಸೇಬಿಗಿಂತ ಸೋಡಾ ಸುಲಭವಾಗಿ ಸಿಗುವ ಹಳ್ಳಿಯಲ್ಲಿ ಅದು ಇನ್ನೂ ಕೆಟ್ಟದಾದೀತು.

ಮಂಜುಳಾ_ಎನ್
ಏರುತ್ತೆ, ಅದರಲ್ಲೂ ಬಹುಪಾಲು ಮೊದಲ ಮೂರು ತಿಂಗಳಲ್ಲೇ. ಅಮೆರಿಕದ ದೊಡ್ಡ ಅನುಸರಣಾ ಅಧ್ಯಯನದಲ್ಲಿ ಬಿಟ್ಟ ಮೊದಲ ಮೂರು ವರ್ಷ ಮಧುಮೇಹದ ಅಪಾಯ ಏರಿ, 12 ವರ್ಷದ ಹೊತ್ತಿಗೆ ಸೇದದವರ ಮಟ್ಟಕ್ಕೆ ಇಳಿದಿತ್ತು. ತೂಕ ಏರಿದವರಲ್ಲೂ ಸಾವಿನ ಅಪಾಯ ಇಳಿದೇ ಇಳಿಯುತ್ತೆ ಅಂತ 2018ರಲ್ಲಿ ಬಂತು. ಆದ್ದರಿಂದ "ಬಿಡಬೇಡಿ" ಅನ್ನೋದಲ್ಲ, ಬಿಡಿಸುವ ದಿನವೇ ಸಕ್ಕರೆ, ಸೊಂಟದ ಅಳತೆ ಬರೆದಿಟ್ಟು ಮೂರು ತಿಂಗಳಿಗೆ ಮತ್ತೆ ನೋಡೋದು. ಇನ್ಸುಲಿನ್ ಅಥವಾ ಸಲ್ಫೊನೈಲ್‌ಯೂರಿಯಾ (ಮೈಯ ಇನ್ಸುಲಿನ್ ಹೆಚ್ಚಿಸುವ) ಮಾತ್ರೆ ತಗೊಳ್ಳುವವರಲ್ಲಿ ಮೊದಲ ವಾರಗಳಲ್ಲಿ ಸಕ್ಕರೆ ಕುಸಿಯುತ್ತಾ ಅಂತಲೂ ನೋಡಬೇಕು.

ಔಷಧದ ವಿಷಯ: ಯೂಪಿಕ್ ಜನರಲ್ಲಿ ನಿಕೋಟಿನ್ ಒಡೆಯುವ ಸಿವೈಪಿ2ಎ6 ಕಿಣ್ವದ ವೇಗ ಹೆಚ್ಚು. ವೇಗವಾಗಿ ಒಡೆಯುವವರಿಗೆ ಪ್ಯಾಚ್‌ಗಿಂತ ವರೆನಿಕ್ಲಿನ್ ಅನ್ನೋ ಸಿಗರೇಟು ಬಿಡಿಸುವ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತೆ ಅಂತ ಬೇರೆ ಜನರಲ್ಲಿ ನಡೆದ 2015ರ ಪ್ರಯೋಗ ತೋರಿಸಿದೆ. ಮೊದಲ 3 ದಿನ 0.5 ಮಿಲಿಗ್ರಾಂ ಒಮ್ಮೆ, 4ರಿಂದ 7ನೇ ದಿನ ಎರಡು ಹೊತ್ತು, ಆಮೇಲೆ 1 ಮಿಲಿಗ್ರಾಂ ಎರಡು ಹೊತ್ತು, ಒಟ್ಟು 12 ವಾರ. ಮೂತ್ರಪಿಂಡ ತೀರಾ ಸೋತವರಿಗೆ ಅರ್ಧ. ನಿಕೋಟಿನ್ ಗಮ್ ಕೊಟ್ಟರೆ ಕಾಫಿ ಜೊತೆ ಬೇಡ, ಹುಳಿ ಬಾಯಲ್ಲಿ ನಿಕೋಟಿನ್ ಒಳಗೆ ಹೋಗಲ್ಲ.

ಕಡ್ಡಿಪುಡಿ ವೈರಿ
ಕಾಫಿಯ ಇನ್ನೊಂದು ಮುಖವೂ ಇದೆ. ಹೊಗೆಯ ಟಾರ್ ಸಿವೈಪಿ1ಎ2 ಕಿಣ್ವವನ್ನು ಚುರುಕು ಮಾಡಿ ಕೆಫೀನ್ ಬೇಗ ಕರಗಿಸ್ತಿರುತ್ತೆ. ಸಿಗರೇಟು ಬಿಟ್ಟ ವಾರದಲ್ಲಿ ಅಷ್ಟೇ ಕಾಫಿ ಕುಡಿದರೂ ರಕ್ತದಲ್ಲಿ ಕೆಫೀನ್ ಏರಿ ಕೈನಡುಕ, ನಿದ್ದೆಗೇಡು ಬರುತ್ತೆ. ಜನ ಅದನ್ನು ಸಿಗರೇಟಿನ ಹಂಬಲ ಅಂದುಕೊಂಡು ಮತ್ತೆ ಹಚ್ಚುತ್ತಾರೆ. ಗ್ರೀನ್‌ಲ್ಯಾಂಡ್‌ನಲ್ಲಿ ಕಾಫಿ ಕೂಟಗಳೇ ಒಂದು ಸಂಪ್ರದಾಯ, ಅಲ್ಲಿ ಲೋಟ ಅರ್ಧಕ್ಕಿಳಿಸಿ ಅಂತ ಮೊದಲೇ ಹೇಳಬೇಕು. ಇಕ್ಮಿಕ್ ಬಿಟ್ಟವರಿಗೆ ಈ ತೊಂದರೆ ಇಲ್ಲ, ಟಾರ್ ಇಲ್ಲವಲ್ಲ.

ಸೋಮಣ್ಣ ಹಾ.
ಮೇಷ್ಟ್ರೇ, ಗ್ಲೂಕೋಸ್ ಕುಡಿಸುವ ಪರೀಕ್ಷೆಯೇ ಸರಿ ಅಂದಿರಿ. ಸೀಲ್, ಮೀನು ತಿಂದು ಬಂದ ಬೇಟೆಗಾರನಿಗೆ ಅದು ಸುಳ್ಳು ಹೇಳಲ್ವಾ?

ಲ್ಯಾಬ್ ಮೇಷ್ಟ್ರು
ಹೇಳುತ್ತೆ, ಸಿದ್ಧತೆ ಇಲ್ಲದಿದ್ದರೆ. ಹಿಂದಿನ ಮೂರು ದಿನ ದಿನಕ್ಕೆ ಕನಿಷ್ಠ 150 ಗ್ರಾಂ ಕಾರ್ಬೊಹೈಡ್ರೇಟ್ ಹೋಗಿರಬೇಕು. ಬರೀ ಮಾಂಸದಲ್ಲಿದ್ದವರ ಸ್ನಾಯು ಕೊಬ್ಬು ಉರಿಸುವ ರೂಢಿಯಲ್ಲಿರುತ್ತೆ, ದಿಢೀರನೆ ಗ್ಲೂಕೋಸ್ ಕೊಟ್ಟರೆ ಎರಡು ಗಂಟೆಯ ಅಂಕಿ ಸುಳ್ಳೇ ಏರುತ್ತೆ. ರಾತ್ರಿ 8 ಗಂಟೆ ಉಪವಾಸ, 75 ಗ್ರಾಂ ಗ್ಲೂಕೋಸ್ 250–300 ಮಿಲಿಲೀಟರ್ ನೀರಿನಲ್ಲಿ, ಐದು ನಿಮಿಷದೊಳಗೆ ಕುಡಿದು ಮುಗಿಸಬೇಕು. ಮುಗಿಯುವವರೆಗೆ ಕೂತೇ ಇರಬೇಕು, ಸಿಗರೇಟೂ ಇಲ್ಲ ಇಕ್ಮಿಕ್ಕೂ ಇಲ್ಲ. ಸೇದುವವರಲ್ಲಿ ಪರೀಕ್ಷೆ ಕೆಡುವುದು ಇಲ್ಲೇ: ಎರಡು ಗಂಟೆ ತಡೆಯಲಾರದೆ ಬಾಗಿಲಾಚೆ ಹೋಗಿ ಒಂದು ಎಳೆದು ಬರ್ತಾರೆ. ಕಾಯುವವರ ಪಕ್ಕ ಒಬ್ಬರು ಕೂತಿರೋದು ಒಳ್ಳೇದು.

ರಕ್ತ ತೆಗೆದ ಮೇಲೆ ಕಣಗಳನ್ನು ಬೇರ್ಪಡಿಸದೆ ಬಿಟ್ಟರೆ ಕೋಣೆಯ ಉಷ್ಣತೆಯಲ್ಲಿ ಗಂಟೆಗೆ 5–7% ಸಕ್ಕರೆ ಇಳಿಯುತ್ತೆ. ಇದನ್ನು ತಡೆಯಲೆಂದೇ ಇರುವ ಫ್ಲೋರೈಡ್ ಟ್ಯೂಬಾದರೂ ಮೊದಲ ಒಂದೆರಡು ಗಂಟೆ ಪೂರ್ತಿ ತಡೆಯಲ್ಲ. ಐಸ್ ಬೆರೆತ ನೀರಿನಲ್ಲಿ ನಿಲ್ಲಿಸಿ, ಅರ್ಧ ಗಂಟೆಯೊಳಗೆ ಸೆಂಟ್ರಿಫ್ಯೂಜ್ ಮಾಡಿ (ಯಂತ್ರದಲ್ಲಿ ಗರಗರ ತಿರುಗಿಸಿ ಕಣ ಬೇರ್ಪಡಿಸಿ). "ಹೊರಗೇ ಫ್ರಿಜ್ ಇದೆಯಲ್ಲ" ಅಂತ ಟ್ಯೂಬನ್ನು ಕಿಟಕಿಯಾಚೆ ಇಟ್ಟರೆ ರಕ್ತ ಮಂಜುಗಡ್ಡೆಯಂತಾಗಿ ಕೆಂಪುಕಣ ಒಡೆಯುತ್ತೆ, ಮಾದರಿ ಕೆಟ್ಟಿತು. ಬೆರಳ ತುದಿಯ ಮೀಟರಾದರೆ ಪರೀಕ್ಷೆಯ ಪಟ್ಟಿ (ಸ್ಟ್ರಿಪ್) 10 ಡಿಗ್ರಿಗಿಂತ ತಣ್ಣಗಿರಬಾರದು, ಕೈಯನ್ನು ಬೆಚ್ಚನೆಯ ನೀರಿನಲ್ಲಿಟ್ಟು ಒರೆಸಿ ಆಮೇಲೆ ಚುಚ್ಚಿ.